ಆಟ ಫ್ರಿಜ್ಜಿನೊಳಗೆ ಸೇರಿತು!

ಟಿ.ವಿ.ಯಲ್ಲಿ ಯಾವುದಾದರೂ ಆಟ ನಡೆಯುತ್ತಿರುವಾಗ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ದನಿಯನ್ನು ಪೂರ್ತಿ ತಗ್ಗಿಸಿ, ಬರೀ ಚಿತ್ರ ನೋಡುತ್ತಾ ಕುಳಿತುಕೊಳ್ಳಿ. ಆಟಗಾರರು ಅವರೇ, ಚೆಂಡೂ ಅದೇ. ಆದರೂ ಐದು ನಿಮಿಷದೊಳಗೆ ಆಕಳಿಕೆ ಬರುತ್ತದೆ. ಈಗ ದನಿ ಏರಿಸಿ, ಟಿ.ವಿ.ಗೆ ಬೆನ್ನು ಹಾಕಿ, ಅಡಿಗೆಮನೆಗೆ ಹೋಗಿ ಹುಳಿಗೆ ಒಗ್ಗರಣೆ ಹಾಕಿ. ಚಿತ್ರ ಕಾಣದಿದ್ದರೂ ಯಾರು ಮುಂದಿದ್ದಾರೆ, ಯಾರು ಹಿಂದೆ ಬಿದ್ದರು, ಇನ್ನೆಷ್ಟು ಹೊತ್ತು ಉಳಿದಿದೆ ಎಲ್ಲಾ ತಿಳಿಯುತ್ತಲೇ ಇರುತ್ತದೆ. ಹೇಳುವವರು ಚೆನ್ನಾಗಿ ಹೇಳಿದರೆ ಮಾತ್ರ, ಅನ್ನಿ!

ನಿಜ ಹೇಳಬೇಕೆಂದರೆ ನಮ್ಮಲ್ಲಿ ಬಹಳ ಮಂದಿ ಹೆಂಗಸರು ಆಟಗಳನ್ನು ‘ನೋಡಿದ್ದು’ ಹೀಗೆಯೇ. ನಡುಮನೆಯಲ್ಲಿ ಟಿ.ವಿ., ಅದರ ಮುಂದೆ ಗಂಡಸರು, ಮಕ್ಕಳು, ಅಡಿಗೆಮನೆಯಲ್ಲಿ ನಾವು. ಕೈ ಪಾತ್ರೆಯ ಮೇಲೆ, ಕಿವಿ ಮಾತ್ರ ಅಲ್ಲಿ. ಅದಕ್ಕೂ ಮೊದಲು ರೇಡಿಯೋ ಕಾಲದಲ್ಲಿ ಮೈಸೂರಿನ ಜಂಬೂಸವಾರಿಯನ್ನು ಆಕಾಶವಾಣಿಯ ವೀಕ್ಷಕ ವಿವರಣೆಯಲ್ಲಿ ಕೇಳುತ್ತಿದ್ದಾಗಲೂ ಅಷ್ಟೆ. ಆನೆ ಕಂಡದ್ದು ಕಿವಿಯಿಂದ, ಅಂಬಾರಿ ಹೊಳೆದದ್ದು ಮಾತಿನಿಂದ. ಹೀಗೆ ಎದುರಿಗಿಲ್ಲದವರಿಗೂ ಕಾಣುವ ಹಾಗೆ ಮಾತಾಡುವುದು ಒಂದು ದೊಡ್ಡ ವಿದ್ಯೆ. ಆ ವಿದ್ಯೆಯಲ್ಲಿ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಪಳಗಿದ ಒಬ್ಬರ ಪರಿಚಯವನ್ನು ಈ ಸಲ ಮಾಡಿಕೊಡುತ್ತೇನೆ. ಅವರ ಹೆಸರು ಚಿಕ್ ಹರ್ನ್. ಊರು ಅಮೆರಿಕದ ಲಾಸ್ ಏಂಜಲಿಸ್. ಆಟ ಬ್ಯಾಸ್ಕೆಟ್‌ಬಾಲ್.

“ಬ್ಯಾಸ್ಕೆಟ್‌ಬಾಲಿಗೂ ನಮಗೂ ಏನು ಸಂಬಂಧಾರೀ?” ಅಂತೀರಾ? ಸ್ವಲ್ಪ ತಾಳಿ. ಇವರ ಮಾತಿನ ಅರ್ಧ ಸಾಮಾನು ಅಡಿಗೆಮನೆಯಿಂದಲೇ ಬಂದದ್ದು!

ಬುಟ್ಟಿಯ ಆಟ

ಮೊದಲು ಆಟದ ವಿಷಯ ಎರಡು ಮಾತು. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟರು, ಚಳಿಗಾಲದಲ್ಲಿ ಹುಡುಗರನ್ನು ಒಳಾಂಗಣದಲ್ಲೇ ಆಡಿಸುವುದು ಹೇಗೆಂದು ಯೋಚಿಸಿ, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಹೊಡೆಸಿ, ಅದರೊಳಗೆ ಚೆಂಡು ಹಾಕಿ ಎಂದರು. ಬುಟ್ಟಿಗೆ ತಳ ಇತ್ತಲ್ಲ, ಚೆಂಡು ಬಿದ್ದಾಗಲೆಲ್ಲ ಏಣಿ ಹತ್ತಿ ತೆಗೆಯಬೇಕಾಗಿತ್ತು. ಆಮೇಲೆ ಬುಟ್ಟಿಯ ಜಾಗಕ್ಕೆ ಕಬ್ಬಿಣದ ಬಳೆ, ಬಲೆ ಬಂದವು. ಒಂದೇ ವರ್ಷದಲ್ಲಿ ಸೆಂಡಾ ಬೆರೆನ್ಸನ್ ಎಂಬ ಮಹಿಳೆ ಸ್ಮಿತ್ ಕಾಲೇಜಿನ ಹುಡುಗಿಯರಿಗೂ ಇದನ್ನು ಕಲಿಸಿದರು.

ಅಮೆರಿಕದ ವೃತ್ತಿ ಪಂದ್ಯಗಳಲ್ಲಿ ಅಂಗಳ 94 ಅಡಿ ಉದ್ದ, 50 ಅಡಿ ಅಗಲ. ಬಳೆ ಹತ್ತು ಅಡಿ ಎತ್ತರ. ಒಂದೊಂದು ಕಡೆ ಐದು ಜನ. ಆಟ 48 ನಿಮಿಷ. ಚೆಂಡು ಕೈಗೆ ಬಂದ ತಂಡ 24 ಸೆಕೆಂಡಿನೊಳಗೆ ಬುಟ್ಟಿಯ ಕಡೆ ಎಸೆಯಲೇಬೇಕು. ಆದ್ದರಿಂದ ಕ್ರಿಕೆಟ್ಟಿನ ಹಾಗೆ ಒಂದು ಚೆಂಡಿಗೂ ಇನ್ನೊಂದು ಚೆಂಡಿಗೂ ನಡುವೆ ಹವಾಮಾನ, ಹಳೆಯ ಕಥೆ, ಊಟದ ವಿಚಾರ ಮಾತಾಡಲು ಪುರುಸೊತ್ತೇ ಇಲ್ಲ. ಕುದಿಯುವ ಎಣ್ಣೆಯಲ್ಲಿ ಒಟ್ಟಿಗೆ ಹತ್ತು ಪೂರಿ ಬಿಟ್ಟ ಹಾಗೆ, ಎಲ್ಲದರ ಮೇಲೂ ಒಂದೇ ಸಲಕ್ಕೆ ಕಣ್ಣಿಡಬೇಕು!

ಇಂಥ ಆಟಕ್ಕೆ ಸಾಮಾನ್ಯವಾಗಿ ಇಬ್ಬರು ವಿವರಣೆಗಾರರು. ಒಬ್ಬರು ‘ಏನಾಗುತ್ತಿದೆ’ ಎಂದು ಕ್ಷಣ ಕ್ಷಣಕ್ಕೂ ಹೇಳುವವರು. ಇನ್ನೊಬ್ಬರು, ಸಾಮಾನ್ಯವಾಗಿ ಹಳೆಯ ಆಟಗಾರರು, ‘ಯಾಕೆ ಹಾಗಾಯಿತು’ ಎಂದು ವಿವರಿಸುವವರು. ಚಿಕ್ ಹರ್ನ್ ಮೊದಲನೆಯ ಕುರ್ಚಿಯವರು. ಎರಡನೆಯ ಕುರ್ಚಿಯಲ್ಲಿ ಕೂತವರಿಗೆ ಬಾಯಿ ತೆರೆಯಲು ಅವಕಾಶ ಸಿಕ್ಕುತ್ತಿದ್ದುದೇ ಕಡಿಮೆ ಎಂದು ತಮಾಷೆ ಮಾಡುತ್ತಿದ್ದರು. ಆ ಕುರ್ಚಿಯಲ್ಲಿ ಕೆಲಕಾಲ ಕೂತಿದ್ದ ಪ್ಯಾಟ್ ರೈಲಿ ಮುಂದೆ 1981ರಲ್ಲಿ ಅದೇ ತಂಡದ ತರಬೇತುದಾರರಾಗಿ ಹೆಸರು ಮಾಡಿದರು. 1987ರಿಂದ ಕೊನೆಯವರೆಗೂ ಜೊತೆಗಿದ್ದವರು ಸ್ಟೂ ಲ್ಯಾಂಟ್ಸ್.

ಬೂಟಿನ ಪೆಟ್ಟಿಗೆಯಲ್ಲಿ ಕೋಳಿ

ತಂದೆತಾಯಿ ಇಟ್ಟ ಹೆಸರು ಫ್ರಾನ್ಸಿಸ್ ಡೇಲ್ ಹರ್ನ್. ಹುಟ್ಟಿದ್ದು 1916ರ ನವೆಂಬರ್ 27ರಂದು, ಇಲಿನಾಯ್ ರಾಜ್ಯದ ಅರೋರಾ ಎಂಬಲ್ಲಿ. ‘ಚಿಕ್’ ಎಂದರೆ ಕೋಳಿಮರಿ. ಆ ಹೆಸರು ಬಂದ ಬಗೆ ಕೇಳಿ. ತಾವೂ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ ದಿನಗಳಲ್ಲಿ ಜೊತೆಯ ಹುಡುಗರು ಒಂದು ಬೂಟಿನ ಪೆಟ್ಟಿಗೆ ಕೊಟ್ಟರಂತೆ. ಹೊಸ ಬೂಟು ಸಿಕ್ಕಿತೆಂಬ ಸಂತೋಷದಲ್ಲಿ ಮುಚ್ಚಳ ತೆಗೆದರೆ ಒಳಗೆ ಸತ್ತ ಕೋಳಿ! ಆ ಪೋಕರಿತನದ ಗುರುತು ಜನ್ಮಪೂರ್ತಿ ಅಂಟಿಕೊಂಡಿತು. ನಮ್ಮಲ್ಲೂ ಹೀಗೆಯೇ ಅಲ್ಲವೇ? ಶಾಲೆಯಲ್ಲಿ ಅಂಟಿದ ಅಡ್ಡಹೆಸರು ಮೊಮ್ಮಕ್ಕಳಾದರೂ ಬಿಡುವುದಿಲ್ಲ.

ಇಲಿನಾಯ್‌ನ ಪಿಯೋರಿಯಾದಲ್ಲಿ ಕಾಲೇಜು ಪಂದ್ಯಗಳ ವಿವರಣೆ ಹೇಳುತ್ತಾ ಪಳಗಿದ ಅವರು 1950ರ ದಶಕದಲ್ಲಿ ಲಾಸ್ ಏಂಜಲಿಸ್‌ಗೆ ಬಂದರು. 1960ರಲ್ಲಿ ಲೇಕರ್ಸ್ ಎಂಬ ತಂಡ ಮಿನಿಯಾಪೊಲಿಸ್ ಬಿಟ್ಟು ಅದೇ ಊರಿಗೆ ಬಂತು. ಬಂದ ಹೊಸದರಲ್ಲಿ ಆ ತಂಡವನ್ನು ಕೇಳುವವರೇ ಕಡಿಮೆ. 1961ರ ಮಾರ್ಚ್‌ನಲ್ಲಿ ಸೇಂಟ್ ಲೂಯಿಸ್‌ನಲ್ಲಿ ಒಂದು ಮುಖ್ಯ ಪಂದ್ಯ ಬಿತ್ತು. ತಂಡದ ಒಡೆಯ ಬಾಬ್ ಶಾರ್ಟ್ ಚಿಕ್ ಅವರನ್ನು ಕೇಳಿಕೊಂಡು, ವಿಮಾನದಲ್ಲಿ ಕಳಿಸಿ, ರೇಡಿಯೋದಲ್ಲಿ ವಿವರಣೆ ಹೇಳಿಸಿದರು. ಆವತ್ತು ಶುರುವಾದ ನಂಟು 2002ರ ಜೂನ್ ತನಕ ಬಿಡಲಿಲ್ಲ. ಹೊಸ ಊರಿಗೆ ಬಂದ ಹೊಸ ತಂಡವನ್ನು ಊರವರದ್ದನ್ನಾಗಿ ಮಾಡಿದ್ದು ಆ ದನಿ ಎಂದು ಅಲ್ಲಿಯವರು ಈಗಲೂ ಹೇಳುತ್ತಾರೆ.

ರೇಡಿಯೋದ ಮುಳ್ಳು

ಈಗ ಅವರ ಶೈಲಿಯ ಗುಟ್ಟಿಗೆ ಬರೋಣ. ಟಿ.ವಿ. ಬಂದ ಮೇಲೆ ಬಹಳ ಕಡೆ ರೇಡಿಯೋಗೆ ಒಬ್ಬರು, ಟಿ.ವಿ.ಗೆ ಒಬ್ಬರು ಎಂದು ಬೇರೆ ಬೇರೆ ವಿವರಣೆಗಾರರಾದರು. ಟಿ.ವಿ.ಯವರು “ಹೇಗೂ ಕಾಣುತ್ತದಲ್ಲ, ಹೇಳುವುದೇನು?” ಎಂದು ಮಾತು ಕಡಿಮೆ ಮಾಡಿದರು. ಚಿಕ್ ಹಾಗೆ ಮಾಡಲಿಲ್ಲ. ಅವರ ಒಂದೇ ವಿವರಣೆ ಏಕಕಾಲದಲ್ಲಿ ಟಿ.ವಿ.ಗೂ ಹೋಗುತ್ತಿತ್ತು, ರೇಡಿಯೋಗೂ ಹೋಗುತ್ತಿತ್ತು. ಆದ್ದರಿಂದ ಟಿ.ವಿ. ಮುಂದೆ ಕೂತವರಿಗೂ ಅವರು ರೇಡಿಯೋದವರಿಗೆ ಹೇಳಿದ ಹಾಗೆಯೇ ಹೇಳುತ್ತಿದ್ದರು. ಚೆಂಡು ಯಾರ ಕೈಯಲ್ಲಿದೆ, ಎಡಗೈಯೋ ಬಲಗೈಯೋ, ಬುಟ್ಟಿಯಿಂದ ಎಷ್ಟು ಅಡಿ ದೂರ, ಯಾರು ಅಡ್ಡ ಬಂದರು, ಅಂಕ ಎಷ್ಟು, ಹೊತ್ತು ಎಷ್ಟು, ಒಂದನ್ನೂ ಬಿಡುತ್ತಿರಲಿಲ್ಲ. ತಮ್ಮ ಈ ಬಗೆಗೆ ‘ಮಾತಿನ ಕಣ್ಣೋಟ’ ಎಂಬ ಅರ್ಥ ಬರುವ ಒಂದು ಹೆಸರನ್ನೂ ಇಟ್ಟುಕೊಂಡಿದ್ದರು.

ಅವರ ಇನ್ನೊಂದು ಮಾತು ನನಗಂತೂ ಬಹಳ ಹಿಡಿಸಿತು. ತಂಡ ಯಾವ ದಿಕ್ಕಿಗೆ ಆಡುತ್ತಿದೆ ಎಂದು ರೇಡಿಯೋ ಕೇಳುವವರಿಗೆ ತಿಳಿಯುವುದು ಹೇಗೆ? “ನಿಮ್ಮ ರೇಡಿಯೋ ಡಯಲಿನ ಮೇಲೆ ಎಡದಿಂದ ಬಲಕ್ಕೆ ಹೋಗುತ್ತಿದ್ದಾರೆ” ಎನ್ನುತ್ತಿದ್ದರು! ಹಳೆಯ ವಾಲ್ವ್ ರೇಡಿಯೋ ಇದ್ದ ಮನೆಯಲ್ಲಿ ಬೆಳೆದವರಿಗೆ ಈ ಮಾತಿನ ಸೊಗಸು ಕೂಡಲೇ ಹೊಳೆಯುತ್ತದೆ. ದೀಪ ಹೊತ್ತಿದ ಗಾಜು, ಅದರ ಹಿಂದೆ ಎಡದಿಂದ ಬಲಕ್ಕೆ ಓಡುವ ಕೆಂಪು ಮುಳ್ಳು. ಕೇಳುವವಳ ಕಣ್ಣೆದುರು ಇದ್ದದ್ದು ಅದೊಂದೇ. ಅದನ್ನೇ ಆಟದ ಅಂಗಳ ಮಾಡಿಬಿಟ್ಟರು ನೋಡಿ! ತಾವು ಕೂತ ಕಡೆಯಿಂದ ಏನು ಕಾಣುತ್ತದೆ ಎನ್ನುವುದಕ್ಕಿಂತ, ಕೇಳುವವರು ಎಲ್ಲಿ ಕೂತಿದ್ದಾರೆ ಎಂದು ಯೋಚಿಸಿದವರಿಗೆ ಮಾತ್ರ ಇಂಥ ಮಾತು ಹೊಳೆದೀತು.

ಅವರ ಧಾಟಿಯನ್ನು ಕನ್ನಡಕ್ಕೆ ಇಳಿಸಿದರೆ ಹೇಗಿದ್ದೀತು? ಇದು ಅವರ ಮಾತಲ್ಲ, ನಾನು ಸುಮ್ಮನೆ ಕಟ್ಟಿದ್ದು: “ಮ್ಯಾಜಿಕ್ ಕೈಯಲ್ಲಿ ಚೆಂಡು, ನಡು ಅಂಗಳ ದಾಟಿದ, ಬಲಗೈಯಲ್ಲಿ ಪುಟಿಸುತ್ತಾ ನಿಂತ, ಎಡಕ್ಕೆ ನೋಡಿದ, ಬಲಕ್ಕೆ ಕೊಟ್ಟ, ಕರೀಂ ಕೈಗೆ ಬಂತು, ಹನ್ನೆರಡಡಿ ದೂರ, ಬೆನ್ನು ತಿರುಗಿಸಿದ, ಕೊಕ್ಕೆ ಹಾಕಿದ, ಬಿತ್ತು!” ಓದುವುದಕ್ಕೆ ನಮಗೆ ಹತ್ತು ಸೆಕೆಂಡು ಹಿಡಿಯುತ್ತದೆ. ಅವರು ಚೆಂಡು ಓಡುವಷ್ಟೇ ವೇಗದಲ್ಲಿ ಹೇಳುತ್ತಿದ್ದರು. ಒಂದೊಂದು ಮಾತೂ ಪುಟ್ಟದು, ಒಂದೊಂದರಲ್ಲೂ ಒಂದೇ ಕೆಲಸ. ಪೂರ್ತಿ ಆಟ ಮುಗಿದರೂ ಉಸಿರು ಎಳೆದುಕೊಂಡದ್ದು ಕೇಳಿಸುತ್ತಿರಲಿಲ್ಲವೇನೋ!

ಬೆಣ್ಣೆ, ಮೊಟ್ಟೆ, ಸಾಸಿವೆ

ಒಗ್ಗರಣೆಯ ವಿಷಯ ಈಗ ಬಂತು. ಒಂದು ತಂಡ ಎಷ್ಟು ಮುಂದೆ ಹೋಯಿತೆಂದರೆ, ಇನ್ನು ಸೋಲುವ ಮಾತೇ ಇಲ್ಲ ಎನ್ನುವ ಘಳಿಗೆ ಬರುತ್ತದಲ್ಲ, ಆಗ ಬೇರೆಯವರಾದರೆ “ಗೆಲುವು ಖಚಿತ” ಅಂತ ಒಣಗಿದ ಮಾತು ಆಡಿಯಾರು. ಚಿಕ್ ಹೇಳುತ್ತಿದ್ದುದರ ಭಾವ ಹೀಗೆ: ಈ ಆಟ ಫ್ರಿಜ್ಜಿನೊಳಗೆ ಸೇರಿತು! ಬಾಗಿಲು ಮುಚ್ಚಿತು, ದೀಪ ಆರಿತು, ಮೊಟ್ಟೆ ತಣ್ಣಗಾಗುತ್ತಿದೆ, ಬೆಣ್ಣೆ ಗಟ್ಟಿಯಾಗುತ್ತಿದೆ, ಜೆಲ್ಲಿ ಅಲುಗಾಡುತ್ತಿದೆ! ಊರಿನ ಜನ ಈ ಮಾತಿಗೇ ಕಾಯುತ್ತಿದ್ದರು. ಬಹಳ ಬೇಗ ಹೇಳಿದರೆ ಕೆಟ್ಟೀತು. ಹೇಳದಿದ್ದರೆ ಎದೆ ಡವಡವ ನಿಲ್ಲದು. ಅವರು ಫ್ರಿಜ್ಜಿನ ಬಾಗಿಲು ಹಾಕಿದ ಮೇಲೆಯೇ ಮಕ್ಕಳು ಮಲಗಲು ಹೋಗುತ್ತಿದ್ದರೋ ಏನೋ.

ಇನ್ನೂ ಇದೆ. ಸರಳವಾಗಿ ಬುಟ್ಟಿಗೆ ಹಾಕುವ ಬದಲು ಆಟಗಾರ ಥಳುಕು ತೋರಿಸಲು ಹೋಗಿ ಕೆಡಿಸಿಕೊಂಡರೆ “ತಿಂಡಿಯ ಮೇಲಿನ ಸಾಸಿವೆ ಜಾರಿ ಬಿತ್ತು” ಎನ್ನುವಂಥ ಮಾತು. ಅಲ್ಲಿಯವರು ಹಾಟ್ ಡಾಗ್ ಎಂಬ ತಿಂಡಿಗೆ ಸಾಸಿವೆಯ ಗೊಜ್ಜು ಸವರಿ ತಿನ್ನುತ್ತಾರೆ. ಮೆರೆಯುವವನಿಗೂ ಅಲ್ಲಿ ‘ಹಾಟ್ ಡಾಗ್’ ಎಂದೇ ಹೆಸರು. ಎಸೆಯುವ ಹಾಗೆ ಸುಳ್ಳು ಸನ್ನೆ ಮಾಡಿ, ಎದುರಾಳಿಯನ್ನು ಮೇಲಕ್ಕೆ ಹಾರಿಸಿಬಿಟ್ಟರೆ “ಅವನನ್ನು ಪಾಪ್‌ಕಾರ್ನ್ ಯಂತ್ರದೊಳಕ್ಕೆ ಕಳಿಸಿದ” ಎನ್ನುತ್ತಿದ್ದರು. ಬಿಸಿ ಬಾಣಲೆಯಲ್ಲಿ ಜೋಳದ ಕಾಳು ಸಿಡಿದು ಹಾರುವುದನ್ನು ನೆನೆಸಿಕೊಳ್ಳಿ. ಎಷ್ಟು ಸರಿಯಾಗಿದೆ ಅಲ್ಲವೇ! ನಿಂತಲ್ಲೇ ಚೆಂಡು ಪುಟಿಸುತ್ತಿದ್ದರೆ ಅದು ಯೋ-ಯೋ ಆಟಿಕೆ. ತಪ್ಪು ಮಾಡಿದ ಎದುರಾಳಿಯಿಂದ ಸಿಕ್ಕುವ ಬಿಟ್ಟಿ ಎಸೆತದ ಗೆರೆ ಅವರ ಬಾಯಲ್ಲಿ ‘ಧರ್ಮದ ಗೆರೆ’. ಕೊನೆಯ ಕ್ಷಣಗಳ ತೂಗುಯ್ಯಾಲೆಗೆ ‘ನಡುಕದ ಹೊತ್ತು’.

ಇಂದು ಜಗತ್ತಿನ ಎಲ್ಲಾ ಕಡೆ ಬ್ಯಾಸ್ಕೆಟ್‌ಬಾಲ್ ಆಡುವ ಮಕ್ಕಳು ‘ಸ್ಲ್ಯಾಮ್ ಡಂಕ್’ ಎನ್ನುತ್ತಾರೆ. ಮೇಲೆ ಹಾರಿ ಬಳೆಯೊಳಕ್ಕೆ ಕೈಯಿಂದಲೇ ಚೆಂಡನ್ನು ತುರುಕುವುದು. ಯಾವುದಕ್ಕೂ ತಾಗದೆ ಗಾಳಿಯಲ್ಲೇ ಹೋದ ಎಸೆತಕ್ಕೆ ‘ಏರ್ ಬಾಲ್’. ಈ ಮಾತುಗಳನ್ನು ಬಳಕೆಗೆ ತಂದವರು ಚಿಕ್ ಹರ್ನ್ ಎಂದೇ ಹೇಳುವುದು ವಾಡಿಕೆ. ನಿಘಂಟು ಬರೆಯದೆಯೂ ಒಂದು ಆಟಕ್ಕೆ ಭಾಷೆ ಕೊಟ್ಟವರು ಎನ್ನಬಹುದು.

ಒಂದು ವಿಷಯ ಗಮನಿಸಿ. ಇದರಲ್ಲಿ ಯಾವುದೂ ದೊಡ್ಡ ದೊಡ್ಡ ಪದವಲ್ಲ. ಫ್ರಿಜ್ಜು, ಬೆಣ್ಣೆ, ಸಾಸಿವೆ, ಜೋಳದ ಕಾಳು. ಆಟದ ನಿಯಮ ಒಂದೂ ತಿಳಿಯದ ಅಜ್ಜಿಗೂ ಬೆಣ್ಣೆ ಗಟ್ಟಿಯಾಗುವುದು ಗೊತ್ತು. ನಮ್ಮ ಅಜ್ಜಿಯಂದಿರು “ಹಾಲು ಒಲೆ ಪಾಲಾಯ್ತು” ಎಂದು ಒಂದು ಮದುವೆ ಮುರಿದ ಕಥೆಯನ್ನೇ ಹೇಳಿ ಮುಗಿಸುತ್ತಿರಲಿಲ್ಲವೇ? ಅದೇ ವಿದ್ಯೆ ಇದು.

ಹಾಗೆಂದು ತಮ್ಮ ತಂಡವನ್ನು ಬರೀ ಹೊಗಳುತ್ತಾ ಕೂತವರಲ್ಲ. ಲೇಕರ್ಸ್ ಸೋಮಾರಿತನದಿಂದ ಆಡಿದರೆ ಅದನ್ನೂ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದರು. ಸಂಬಳ ಕೊಡುವ ತಂಡದ ತಪ್ಪನ್ನು ಊರಿಗೆಲ್ಲ ಕೇಳುವ ಹಾಗೆ ಹೇಳುವುದು ಸುಲಭದ ಮಾತಲ್ಲ. ಆದರೆ ಅದರಿಂದಲೇ ಅವರು ಹೊಗಳಿದಾಗ ಜನ ನಂಬುತ್ತಿದ್ದರು. ಮಗ ಮಾಡಿದ್ದೆಲ್ಲ ಬಂಗಾರ ಎನ್ನುವ ತಾಯಿಯ ಮಾತಿಗೆ ನೆರೆಹೊರೆಯಲ್ಲಿ ಎಷ್ಟು ಬೆಲೆ, ನಿಮಗೇ ಗೊತ್ತಲ್ಲ!

ಮಾರ್ಜ್ ಎಂಬ ಹೆಂಡತಿ

ಆಟಗಾರ ಬಳೆಯ ಹತ್ತಿರವೇ ನಿಂತು, ಯಾರೂ ಅಡ್ಡ ಇಲ್ಲದಿದ್ದಾಗಲೂ ಚೆಂಡನ್ನು ಹೊರಗೆ ಹಾಕಿದ ಅನ್ನಿ. ಆಗ ಚಿಕ್ ಬಾಯಿಂದ ಬರುತ್ತಿದ್ದ ಮಾತು: “ಇದನ್ನು ಮಾರ್ಜ್ ಕೂಡಾ ಹಾಕ್ತಿದ್ದಳು!”

ಮಾರ್ಜ್ ಅವರ ಹೆಂಡತಿ. 1938ರ ಆಗಸ್ಟ್‌ನಲ್ಲಿ ಮದುವೆ. ಈ ಮಾತು ಕೇಳಿ ಲಾಸ್ ಏಂಜಲಿಸ್‌ನ ಜನರಿಗೆಲ್ಲ ಮಾರ್ಜ್ ಹೆಸರು ಬಾಯಿಪಾಠ. “ಇದೇನ್ರೀ, ಹೆಂಡತಿಯನ್ನು ಊರ ಮುಂದೆ ಹಾಸ್ಯ ಮಾಡೋದೇ?” ಎಂದು ನೀವು ಹುಬ್ಬು ಗಂಟಿಕ್ಕಬಹುದು. ನನಗೂ ಮೊದಲು ಹಾಗೇ ಅನ್ನಿಸಿತು. ಆದರೆ ಆ ಮಾತಿನಲ್ಲಿ ನಗೆಪಾಟಲಾಗುತ್ತಿದ್ದವನು ಲಕ್ಷಗಟ್ಟಲೆ ಡಾಲರ್ ಎಣಿಸುವ ಆರೂವರೆ ಅಡಿಯ ಆಟಗಾರ. ಮಾರ್ಜ್ ಅಲ್ಲಿ ಗೆದ್ದವಳು! ಏನೇ ಆಗಲಿ, ಮನೆಯಲ್ಲಿ ಕೂತು ಆಟ ಕೇಳುತ್ತಿದ್ದ ಒಬ್ಬ ಹೆಂಗಸಿನ ಹೆಸರು ಆ ಗದ್ದಲದ ನಡುವೆ ಮತ್ತೆ ಮತ್ತೆ ಕೇಳಿಬರುತ್ತಿತ್ತು.

ಆದರೆ ಮಾರ್ಜ್ ವಿಷಯ ಅಷ್ಟಕ್ಕೇ ಮುಗಿಯುವುದಿಲ್ಲ. ಅದಕ್ಕೆ ಒಂದು ಲೆಕ್ಕ ನೋಡಬೇಕು.

3,338

1965ರ ನವೆಂಬರ್‌ನಲ್ಲಿ ಒಂದು ಫುಟ್‌ಬಾಲ್ ಪಂದ್ಯದ ವಿವರಣೆಗೆಂದು ಅರ್ಕನ್ಸಾ ರಾಜ್ಯಕ್ಕೆ ಹೋಗಿದ್ದ ಚಿಕ್, ಹವೆ ಕೆಟ್ಟು ವಿಮಾನ ಹಾರದೆ ಅಲ್ಲೇ ಸಿಕ್ಕಿಕೊಂಡರು. ಲೇಕರ್ಸ್ ಪಂದ್ಯವೊಂದು ತಪ್ಪಿತು. ಮಾರನೆಯ ದಿನ, ನವೆಂಬರ್ 21ರಂದು, ಮತ್ತೆ ತಮ್ಮ ಜಾಗದಲ್ಲಿ ಕೂತರು. ಅಲ್ಲಿಂದ 2001ರ ಡಿಸೆಂಬರ್ 16ರವರೆಗೆ ಒಂದೇ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಒಟ್ಟು 3,338 ಪಂದ್ಯ, ಒಂದರ ಹಿಂದೆ ಒಂದು. 36 ವರ್ಷ! ನೆಗಡಿ, ಜ್ವರ, ಗಂಟಲು ಕಟ್ಟಿದ್ದು, ಹಬ್ಬ, ಹುಟ್ಟುಹಬ್ಬ ಯಾವುದೂ ಅಡ್ಡ ಬರಲಿಲ್ಲ. ಕೊನೆಗೆ ಹೃದಯದ ಕವಾಟ ಕಟ್ಟಿಕೊಂಡು ಶಸ್ತ್ರಚಿಕಿತ್ಸೆ ಮಾಡಲೇಬೇಕಾದಾಗ ಸರಪಣಿ ಕಡಿಯಿತು. ಆಗ ಅವರಿಗೆ 85. ಗುಣವಾಗುತ್ತಿರುವಾಗಲೇ ಜಾರಿ ಬಿದ್ದು ಸೊಂಟದ ಮೂಳೆಯೂ ಮುರಿಯಿತು. ಅಷ್ಟಾದರೂ 2002ರ ಏಪ್ರಿಲ್‌ನಲ್ಲಿ ಮೈಕಿನ ಮುಂದೆ ಹಾಜರ್! ಆ ಜೂನ್‌ನಲ್ಲಿ ಲೇಕರ್ಸ್ ಸತತ ಮೂರನೆಯ ಸಲ ಚಾಂಪಿಯನ್ ಆದದ್ದನ್ನು ಹೇಳಿದ್ದೇ ಅವರ ಕೊನೆಯ ವಿವರಣೆ. ಆಗಸ್ಟ್ 2ರಂದು ಮನೆಯ ಹಿತ್ತಿಲಲ್ಲಿ ಹೂಕುಂಡಗಳ ಹತ್ತಿರ ಕೆಲಸ ಮಾಡುತ್ತಿದ್ದಾಗ ಬಿದ್ದು ತಲೆಗೆ ಪೆಟ್ಟಾಯಿತು. ಮೂರು ದಿನದ ಮೇಲೆ, ಆಗಸ್ಟ್ 5ರಂದು ತೀರಿಕೊಂಡರು.

ಈ 3,338ನ್ನು ಎಲ್ಲರೂ ಕೊಂಡಾಡಿದ್ದಾರೆ. ಕೊಂಡಾಡಬೇಕಾದದ್ದೇ. ಆದರೆ ಗೃಹಿಣಿಯ ಕಣ್ಣಿನಿಂದ ಅದನ್ನೇ ಇನ್ನೊಂದು ಸಲ ನೋಡೋಣ. ವೃತ್ತಿ ತಂಡಗಳ ಪಂದ್ಯಗಳಲ್ಲಿ ಸುಮಾರು ಅರ್ಧ ಸ್ವಂತ ಊರಿನಲ್ಲಿ, ಇನ್ನರ್ಧ ಪರ ಊರಿನಲ್ಲಿ. ಎಂದರೆ ಸುಮಾರು 1,600ಕ್ಕೂ ಹೆಚ್ಚು ಸಂಜೆ ಗಂಡ ಬೇರೆ ಊರಿನಲ್ಲಿ. ಉಳಿದಷ್ಟೇ ಸಂಜೆ ಊರಿನಲ್ಲಿದ್ದೂ ಮನೆಯಲ್ಲಿಲ್ಲ. ಮಾರ್ಜ್ ಎಷ್ಟು ಸಂಜೆ ಒಬ್ಬರೇ ಊಟ ಮಾಡಿದರು ಎಂದು ಯಾರೂ ಲೆಕ್ಕ ಇಟ್ಟಿಲ್ಲ.

ಈ ದಂಪತಿಗಳಿಗೆ ಇಬ್ಬರು ಮಕ್ಕಳು. ಮಗ 1972ರಲ್ಲಿ ಮಾದಕ ಮದ್ದಿಗೆ ಬಲಿಯಾದ. ಮಗಳು ಅನ್ನವನ್ನೇ ದೂರ ಮಾಡುವ ಅನೊರೆಕ್ಸಿಯಾ ಎಂಬ ಕಾಯಿಲೆಯೊಡನೆ ಬಹುಕಾಲ ಸೆಣಸಿ 1990ರಲ್ಲಿ ಹೋದಳು. 1972 ಯಾವ ವರ್ಷ ಗೊತ್ತೇ? ಲೇಕರ್ಸ್ ಸತತ 33 ಪಂದ್ಯ ಗೆದ್ದು, ಲಾಸ್ ಏಂಜಲಿಸ್‌ಗೆ ಬಂದ ಮೇಲೆ ಮೊದಲ ಸಲ ಚಾಂಪಿಯನ್ ಆದ ವರ್ಷ. ಊರಿಗೆಲ್ಲ ಹಬ್ಬ, ಆ ಮನೆಗೆ ಸೂತಕ.

ಈ ಎರಡು ವರ್ಷಗಳೂ ಆ 3,338ರ ಒಳಗೇ ಇವೆ. ಸಂಖ್ಯೆಯನ್ನು ಹೇಗೆ ತಿರುಗಿಸಿ ನೋಡಿದರೂ ಅದರಲ್ಲಿ ಎಲ್ಲೂ ಒಂದು ಬಿರುಕು ಕಾಣುವುದಿಲ್ಲ. ಪ್ರತಿ ಎಸೆತವನ್ನೂ ಅಡಿ ಅಂಗುಲ ಬಿಡದೆ ಹೇಳುತ್ತಿದ್ದ ಮನುಷ್ಯನ ದನಿಯಲ್ಲಿ ಮನೆಯ ದುಃಖ ಕೇಳುವವರಿಗೆ ಬರಲಿಲ್ಲ. ಕೇಳುವವರು ಆ ಹೊತ್ತಿಗೆ ತಮ್ಮ ತಮ್ಮ ಕಷ್ಟ ಮರೆಯಲು ರೇಡಿಯೋ ಹಾಕಿದವರಲ್ಲವೇ? ಆಸ್ಪತ್ರೆಯ ಹಾಸಿಗೆಯಲ್ಲಿದ್ದವರು, ರಾತ್ರಿ ಪಾಳಿಯವರು, ಲಾರಿ ಓಡಿಸುವವರು. ಅವರಿಗೆ ಬೇಕಾದದ್ದು ಫ್ರಿಜ್ಜು, ಬೆಣ್ಣೆ, ಜೆಲ್ಲಿ. ಅದನ್ನು ಕೊಟ್ಟರು.

ಇದು ಸರಿಯೇ ತಪ್ಪೇ ಎಂದು ತೀರ್ಪು ಕೊಡಲು ನಾನು ಕೂತಿಲ್ಲ. ಕೆಲಸವೇ ಕೆಲವರಿಗೆ ಊರುಗೋಲು. ನಮ್ಮಲ್ಲೂ ಎಷ್ಟು ಮಂದಿ ಹೆಂಗಸರು ಹದಿಮೂರನೇ ದಿನ ಮುಗಿದ ಮಾರನೆಯ ಬೆಳಿಗ್ಗೆಯೇ ಎದ್ದು ಇಡ್ಲಿಗೆ ಹಿಟ್ಟು ಹುಯ್ಯಲಿಲ್ಲ? ಮಕ್ಕಳ ಡಬ್ಬಿ ಕಟ್ಟಲಿಲ್ಲ? ನೋಡಿದವರು “ಎಷ್ಟು ಗಟ್ಟಿಗಿತ್ತಿ” ಎನ್ನುತ್ತಾರೆ. ಗಟ್ಟಿತನವೋ, ಬೇರೆ ದಾರಿ ಇಲ್ಲವೋ ಅವರಿಗೇ ಗೊತ್ತು. ನಾನು ಹೇಳುವುದಿಷ್ಟೆ: ರಜೆಯಿಲ್ಲದ ದುಡಿಮೆಯನ್ನು ಹೊಗಳುವಾಗ ಅದರ ಬೆನ್ನ ಹಿಂದೆ ಮನೆ ಹಿಡಿದು ನಿಂತವರ ರಜೆಯಿಲ್ಲದ ದುಡಿಮೆಯನ್ನೂ ಎಣಿಸಬೇಕು. ಚಿಕ್ ಮೈಕಿನ ಮುಂದೆ 3,338 ಸಲ ತಪ್ಪದೆ ಕೂತರು. ಅದೇ ಇಬ್ಬರು ಮಕ್ಕಳನ್ನು ಕಳೆದುಕೊಂಡ ತಾಯಿ ಮಾರ್ಜ್ ಅವರಿಗೆ ಯಾವ ಸಂಖ್ಯೆಯೂ ಇಲ್ಲ. ಮದುವೆಯಾಗಿ ಸುಮಾರು 64 ವರ್ಷ ಬಾಳಿದ ಗಂಡ ಹೋದ ಮೇಲೂ ಅವರು ಹದಿಮೂರು ವರ್ಷಕ್ಕೂ ಹೆಚ್ಚು ಬದುಕಿ, 2016ರಲ್ಲಿ ತಮ್ಮ 98ನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚಿದರು.

ಆ ಕುರ್ಚಿಗೆ ಹೆಂಗಸರು

“ಸರಿ, ಈ ವಿವರಣೆಯ ಕುರ್ಚಿಯಲ್ಲಿ ಹೆಂಗಸರು ಕೂರಲಿಲ್ಲವೇ?” ಎಂದು ಕೇಳುವವರೂ ಇದ್ದೀರಿ. ಕೂತಿದ್ದಾರೆ, ಬಹಳ ತಡವಾಗಿ. 1988ರಲ್ಲಿ ಲಿಯಾಂಡ್ರಾ ರೈಲಿ ಎಂಬಾಕೆ ಗಂಡಸರ ಈ ವೃತ್ತಿ ಪಂದ್ಯವೊಂದಕ್ಕೆ ಕ್ಷಣ ಕ್ಷಣದ ವಿವರಣೆ ಹೇಳಿದ ಮೊದಲ ಮಹಿಳೆಯಾದರು. ಆದರೆ ಒಂದು ತಂಡದ ಖಾಯಂ ಟಿ.ವಿ. ದನಿ ಹೆಂಗಸಿನದಾಗಲು 2021 ಬರಬೇಕಾಯಿತು. ಆ ವರ್ಷ ಮಿಲ್ವಾಕಿ ತಂಡಕ್ಕೆ ಲೀಸಾ ಬೈಯಿಂಗ್ಟನ್, ಫಿಲಡೆಲ್ಫಿಯಾ ತಂಡಕ್ಕೆ ಕೇಟ್ ಸ್ಕಾಟ್ ನೇಮಕವಾದರು. 1988ಕ್ಕೂ 2021ಕ್ಕೂ ನಡುವೆ 33 ವರ್ಷ. “ಹೆಂಗಸರು ವಟವಟ ಮಾತಾಡುತ್ತಾರೆ” ಎಂದು ಹಾಸ್ಯ ಮಾಡುವ ಲೋಕ, ಮಾತಾಡುವುದೇ ಉದ್ಯೋಗವಾದ ಕುರ್ಚಿಯನ್ನು ಮಾತ್ರ ಅವರಿಗೆ ಕೊಡಲು ಇಷ್ಟು ಕಾಲ ಹಿಂದುಮುಂದು ನೋಡಿತು. ತಮಾಷೆ ಅಲ್ಲವೇ?

ನಮ್ಮ ಮನೆಗೆ ಏನು?

ಸಭೆ, ಮೈಕು ನಮಗೆ ಬೇಡ ಬಿಡಿ. ಆದರೆ ಚಿಕ್ ಹರ್ನ್ ಅವರ ವಿದ್ಯೆ ಮನೆಯಲ್ಲಿ ದಿನಾ ಉಪಯೋಗಕ್ಕೆ ಬರುವಂಥದ್ದು. ಕಣ್ಣಿನ ಪೊರೆ ಬಂದು ದೃಷ್ಟಿ ಮಂದವಾದ ಅತ್ತೆಯೋ, ಹಾಸಿಗೆ ಹಿಡಿದ ತಂದೆಯೋ ಮನೆಯಲ್ಲಿದ್ದರೆ ಈ ಕೆಳಗಿನದನ್ನು ಮಾಡಿ ನೋಡಿ.

ಮದುವೆಗೆ ಹೋಗಿ ಬಂದಿರಿ ಅನ್ನಿ. “ಹೇಗಾಯ್ತಮ್ಮಾ ಮದುವೆ?” ಎಂದು ಅವರು ಕೇಳಿದರೆ “ಚೆನ್ನಾಗಾಯ್ತು” ಎಂದು ಒಳಗೆ ಹೋಗಿಬಿಡಬೇಡಿ. ಅವರ ಪಾಲಿಗೆ ಅದು ದನಿ ತಗ್ಗಿಸಿದ ಟಿ.ವಿ. ಹುಡುಗಿ ಉಟ್ಟಿದ್ದು ಯಾವ ಬಣ್ಣ, ಅಂಚು ಎಷ್ಟಗಲ, ಚಿತ್ರಾನ್ನಕ್ಕೆ ನಿಂಬೆಯೋ ಮಾವಿನಕಾಯೋ, ಯಾರು ಮೊದಲ ಪಂಕ್ತಿಯಲ್ಲಿ ಕೂತರು, ಯಾರು ಮುನಿಸಿಕೊಂಡು ಎರಡನೇ ಪಂಕ್ತಿಗೆ ಹೋದರು, ಹೀಗೆ ಒಂದೊಂದಾಗಿ ಹೇಳಿ. ವಾಕ್ಯ ಚಿಕ್ಕದಿರಲಿ. ಎಡ, ಬಲ, ಹತ್ತಿರ, ದೂರ ಎಂದು ಜಾಗ ಗುರುತಿಸಿ. ಅದೂ ಅವರಿಗೆ ಗೊತ್ತಿರುವ ಗುರುತಿನಿಂದ: “ನಮ್ಮ ದೇವರ ಮನೆಯಿಂದ ಬಾವಿಕಟ್ಟೆಯಷ್ಟು ದೂರ” ಎಂದರೆ ಅವರಿಗೆ ಕಂಡಹಾಗೆಯೇ. ಅವರು ನೋಡಿದ, ಮುಟ್ಟಿದ, ತಿಂದ ವಸ್ತುಗಳ ಹೋಲಿಕೆ ಕೊಡಿ. ಟಿ.ವಿ.ಯಲ್ಲಿ ಧಾರಾವಾಹಿ ಬರುತ್ತಿದ್ದರೆ, ಯಾರೂ ಮಾತಾಡದ ಜಾಗದಲ್ಲಿ ಮಾತ್ರ ನೀವು ಹೇಳಿ: “ಕಾಗದ ಓದಿದಳು, ಹರಿದು ಹಾಕಿದಳು, ಅತ್ತೆ ಬಾಗಿಲ ಹಿಂದೆ ನಿಂತಿದ್ದಾಳೆ.” ಅಷ್ಟು ಸಾಕು. ಆಮೇಲೆ ಅಂಕ ಮತ್ತು ಹೊತ್ತು ಹೇಳುವುದನ್ನು ಮರೆಯಬೇಡಿ. ಎಂದರೆ, “ಈಗ ಗಂಟೆ ಏಳೂವರೆ, ಮಳೆ ಬರುವ ಹಾಗಿದೆ, ಮಕ್ಕಳು ಇನ್ನೂ ಬಂದಿಲ್ಲ” ಎಂದು ಆಗಾಗ ತಿಳಿಸುತ್ತಿರಿ. ಕಾಣದವರಿಗೆ ಹೊತ್ತು ಎಷ್ಟಾಯಿತು, ಮನೆಯಲ್ಲಿ ಯಾರಿದ್ದಾರೆ ಎಂದು ತಿಳಿಯದಿರುವುದೇ ದೊಡ್ಡ ಕಳವಳ. ಹತ್ತು ನಿಮಿಷದ ಕೆಲಸ, ಒಂದು ಪೈಸೆ ಖರ್ಚಿಲ್ಲ.

ಮಕ್ಕಳಿಗೂ ಇದನ್ನು ಆಟದ ಹಾಗೆ ಕಲಿಸಬಹುದು. ಒಬ್ಬರು ಕಣ್ಣು ಮುಚ್ಚಿ ಕೂರಲಿ, ಇನ್ನೊಬ್ಬರು ಕಿಟಕಿಯಲ್ಲಿ ನಿಂತು ಬೀದಿಯಲ್ಲಿ ಆಗುವುದನ್ನು ಎರಡು ನಿಮಿಷ ನಿಲ್ಲಿಸದೆ ಹೇಳಲಿ. ಹೂವಿನವಳು, ಸೈಕಲ್ಲು, ಜಗಳಗಂಟ ನಾಯಿ ಎಲ್ಲಾ ಬರಲಿ! ಭಾಷೆಯೂ ಬೆಳೆಯುತ್ತದೆ, ಇನ್ನೊಬ್ಬರ ಜಾಗದಲ್ಲಿ ಕೂತು ಯೋಚಿಸುವುದೂ ಬರುತ್ತದೆ.

ಚಿಕ್ ಹರ್ನ್ ಅವರನ್ನು 2003ರಲ್ಲಿ ಬ್ಯಾಸ್ಕೆಟ್‌ಬಾಲಿನ ಗೌರವ ಮಂದಿರಕ್ಕೆ ಸೇರಿಸಿದರು. ಲಾಸ್ ಏಂಜಲಿಸ್‌ನ ಕ್ರೀಡಾಂಗಣದ ಪಕ್ಕದ ಬೀದಿಗೆ ಅವರ ಹೆಸರಿದೆ. 2010ರಲ್ಲಿ ಕ್ರೀಡಾಂಗಣದ ಹೊರಗೆ ಅವರ ಕಂಚಿನ ಪ್ರತಿಮೆಯೂ ನಿಂತಿತು. ನಿಂತಿತು ಎಂದೆ, ಅಲ್ಲ, ಕೂತಿತು. ಮೇಜು, ಮೈಕು, ಕೂತ ಚಿಕ್, ಅವರ ಪಕ್ಕದಲ್ಲೊಂದು ಖಾಲಿ ಕುರ್ಚಿ. ಬಂದವರು ಅದರಲ್ಲಿ ಕೂತು ಫೋಟೋ ತೆಗೆಸಿಕೊಳ್ಳಲಿ ಎಂದು ಬಿಟ್ಟದ್ದು. ನಿಮ್ಮ ಮಗಳೋ ಮೊಮ್ಮಗನೋ ಆ ಊರಿನಲ್ಲಿದ್ದು ನೀವು ಅಲ್ಲಿಗೆ ಹೋಗುವ ಪ್ರಸಂಗ ಬಂದರೆ ಒಂದು ಘಳಿಗೆ ಅಲ್ಲಿ ಕೂತು ಬನ್ನಿ. ಮಾರ್ಜ್ ಅವರನ್ನೂ ನೆನೆಸಿಕೊಳ್ಳಿ.

ಮತ್ತೆ ಈ ಸಂಜೆ ನಡುಮನೆಯಲ್ಲಿ ಆಟ ನಡೆಯುತ್ತಿದ್ದು, ನೀವು ಒಲೆಯ ಮುಂದಿದ್ದರೆ “ಏನಾಯ್ತು, ಸ್ವಲ್ಪ ಹೇಳ್ರೋ!” ಎಂದು ಕೂಗಿ. “ಬಂದು ನೋಡಮ್ಮ” ಎಂದರೆ ಬಿಡಬೇಡಿ. ಕಾಣುವ ಹಾಗೆ ಹೇಳಲಿ. ಆಟ ಫ್ರಿಜ್ಜಿಗೆ ಸೇರಿದ ಮೇಲೆ ಅವರೇ ಎದ್ದು ಬಂದು ತಟ್ಟೆ ಹಾಕಲಿ!